ಬೇಳೆ ಗಿರಣಿಯೂ ನನ್ನ ಇಂಗ್ಲಿಷೂ

ಕೊರಳಿಗೆ ‘ಸ್ಥಳೀಯ ಸಲಹೆಗಾರ’ ಎಂಬ ಬಿಲ್ಲೆ ಬಿದ್ದ ದಿನ ಯಾದಗಿರಿ ಬಸ್‌ಸ್ಟ್ಯಾಂಡಿನಲ್ಲಿ ಬೇಕಂತಲೇ ಸುತ್ತಾಡಿದೆ. ಯಾರೂ ನೋಡಲಿಲ್ಲ. ಒಂದು ಆಡು ಮಾತ್ರ ಬಿಲ್ಲೆಯ ದಾರ ಮೆಲ್ಲಲು ಬಂತು.

ಯಾವುದೋ ದೂರದ ದೇಶದ ಸರ್ಕಾರ ನಮ್ಮ ಕಡೆಯ ಹೆಂಗಸರ ಸಂಘಗಳಿಗೆ ನೆರವು ಕೊಡುವುದಿತ್ತು. ಯಾರಿಗೆ ಏನು ಬೇಕೆಂದು ತಿಳಿಯಲು ಅದು ಒಂದು ಕಂಪನಿಯನ್ನು ಗೊತ್ತು ಮಾಡಿತು. ಕಂಪನಿಯು ಒಬ್ಬ ಮೇಡಂ ಅವರನ್ನು ವಿಮಾನದಲ್ಲಿ ಹೈದರಾಬಾದಿಗೆ, ಅಲ್ಲಿಂದ ಎಸಿ ಕಾರಿನಲ್ಲಿ ನಮ್ಮಲ್ಲಿಗೆ ಕಳಿಸಿತು. ಮೇಡಂಗೆ ಕನ್ನಡ ಬಾರದು, ಅದಕ್ಕೇ ನಾನು. ನನಗೆ ಇಂಗ್ಲಿಷ್ ಬಾರದು. ಅದನ್ನು ಯಾರೂ ಕೇಳಲಿಲ್ಲ. ಸುರಪುರದ ಸಭೆಯಲ್ಲಿ ಬಾಣಂತಿಗೆ ಇಂಗ್ಲಿಷಿನಲ್ಲಿ ಏನನ್ನಬೇಕೋ ತಿಳಿಯದೆ, ಎದ್ದು ನಿಂತು ಇಲ್ಲದ ಕೂಸನ್ನು ತೂಗಿ ತೋರಿಸಿದೆ. ಮೇಡಂ ಚಪ್ಪಾಳೆ ತಟ್ಟಿದರು.

ಮರುದಿನ ಸಗರ ಎಂಬ ಹಳ್ಳಿ. ಅಲ್ಲಿಯ ಸಂಘದ ಮುಂದಾಳು ನನ್ನ ಚಿಗವ್ವ, ಅವ್ವನ ತಂಗಿ. ಆ ಹೆಂಗಸರು ಬೀಸುಕಲ್ಲಿನಲ್ಲಿ ತೊಗರಿ ಒಡೆದು, ಬೇಳೆ ಮಾಡಿ ಶಹಾಪುರದ ಸಂತೆಯಲ್ಲಿ ಮಾರುತ್ತಾರೆ. ಚಿಗವ್ವನ ಬಲಗೈ ಈಗ ತಲೆ ಬಾಚಿಕೊಳ್ಳಲೂ ಮೇಲೇಳುವುದಿಲ್ಲ. ಅವರಿಗೆ ಬೇಕಿದ್ದದ್ದು ಒಂದು ಸಣ್ಣ ಬೇಳೆ ಗಿರಣಿ.

ಮೇಡಂ ಕೂತರು. ಎಣ್ಣೆಗಾಯಿ, ಶೇಂಗಾ ಹೋಳಿಗೆ ಬಂದವು. ಕೆಲಸದಲ್ಲಿ ಏನಾದರೂ ಕಷ್ಟ ಇದೆಯೇ ಎಂದು ಉಣ್ಣುತ್ತಲೇ ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ.

“ಏನಿಲ್ರಿ ಮೇಡಮ್ಮಾರ, ಆರಾಮ ಅದೀವಿ. ನೀವು ಉಣ್ರಿ,” ಎಂದಳು ಚಿಗವ್ವ.

ನಮ್ಮಲ್ಲಿ ಮೊದಲ ಸಲ ಕೇಳಿದಾಗ ಯಾರೂ ಹೂಂ ಅನ್ನುವುದಿಲ್ಲ. ಅದರಲ್ಲೂ ಉಣ್ಣುತ್ತಿರುವವರ ಮುಂದೆ ಗೋಳು ತೋಡಿಕೊಳ್ಳುವುದೆಂದರೆ ಮಾನಗೇಡು. ಕೇಳಿದವರೇ ‘ಹಂಗಲ್ಲ, ಹೇಳ್ರಿ’ ಎಂದು ಮತ್ತೆ ಮತ್ತೆ ಒತ್ತಾಯಿಸಬೇಕು. ಮೇಡಂ ಒಂದೇ ಸಲ ಕೇಳಿ, ಟ್ಯಾಬಿನ ಮೇಲೆ ಬೆರಳೊತ್ತಿ, ಮುಂದಿನ ಪ್ರಶ್ನೆಗೆ ಹೋದರು.

ಚಿಗವ್ವ ನನ್ನನ್ನೇ ನೋಡಿದಳು.

“ಮೇಡಂ, ದಿಸ್ ನೋ ಈಸ್ ನಾಟ್ ನೋ. ದಿಸ್ ನೋ ಈಸ್ ಲಿಟ್ಲ್ ಯೆಸ್,” ಎಂದೆ. ಅಲ್ಲಿಗೆ ನನ್ನ ಇಂಗ್ಲಿಷ್ ಹತ್ತಿಕುಣಿ ಕೆರೆಗೆ ಇಳಿದ ಎಮ್ಮೆಯಂತೆ ಕೂತುಬಿಟ್ಟಿತು. ಉತ್ತರ ಅವರದೇ ಇರಲಿ, ನೀನೇನೂ ಸೇರಿಸಬೇಡ ಎಂದರು ಮೇಡಂ ನಗುತ್ತಲೇ. ನನಗೆ ಮುಂದಿನ ವಾರವೂ ಕೆಲಸ ಕೊಡುವುದಾಗಿ ಬೆಳಿಗ್ಗೆಯಷ್ಟೇ ಹೇಳಿದ್ದರು. ನಾನು ಸುಮ್ಮನೆ ಹೋಳಿಗೆ ಮುರಿದೆ.

ಗಿರಣಿ ಬರಲಿಲ್ಲ. ಸಗರದಲ್ಲಿ ಅಗತ್ಯ ಕಂಡುಬಂದಿಲ್ಲವಂತೆ. ಆದರೆ ಸಗರದ ಹೆಂಗಸರು ಏನನ್ನೂ ಯಾಕೆ ಕೇಳಲಿಲ್ಲ ಎಂಬುದನ್ನು ಅಧ್ಯಯನ ಮಾಡಲು ಇನ್ನೊಂದು ಕಂಪನಿ ಬರಲಿದೆ. ಎರಡೂ ಕಂಪನಿಗೆ, ಕಾರಿಗೆ, ಹೋಟೆಲಿಗೆ, ನನ್ನ ಕೂಲಿಗೆ ಹಣ ಹೋಗುವುದು ಅದೇ ನೆರವಿನ ಗಂಟಿನಿಂದ. ಹೊಸ ಕಂಪನಿಯ ಫೋನೂ ನನಗೇ ಬಂತು.

ಸುದ್ದಿ ಹೇಳಲು ಹೋದಾಗ ಚಿಗವ್ವನ ಅಂಗಳದಲ್ಲಿ ಸಂಘದವರೆಲ್ಲ ತೊಗರಿ ಹಸನು ಮಾಡುತ್ತಿದ್ದರು.

“ಅಲ್ಲೋ ಸಾಹೇಬ, ಅವತ್ತು ನೀ ಬಂದಿದ್ದು ಹೋಳಿಗಿ ತಿನ್ನಾಕೇನು?” ಒಬ್ಬಳು ಚುಚ್ಚಿದಳು.

“ಸುಮ್ಮಿರ್ರೇ,” ಎಂದಳು ಚಿಗವ್ವ. “ನಮ್ಮ ಹುಡುಗ ಎಲ್ಲಾ ಬಿಡಿಸಿ ಹೇಳ್ಯಾನ. ಆ ಮೇಡಮ್ಮೇ ಕಿವಿಗೆ ಹಾಕ್ಕೊಂಡಿಲ್ಲ. ಹೌದಿಲ್ಲೋ?”

ಹೆಣದ ಮನೆಯಲ್ಲೂ ನಗಿಸಿ ಬೈಸಿಕೊಂಡವನು ನಾನು. ಆ ಹೊತ್ತು ಒಂದು ಚಾಷ್ಟಿಯೂ ಬಾಯಿಗೆ ಬರಲಿಲ್ಲ.

“ಇಲ್ಲ ಚಿಗವ್ವ. ಒಮ್ಮೆ ಹೇಳಾಕ ಹೋದೆ. ಆಮ್ಯಾಲ ಬಿಟ್ಟೆ.”

ಚಿಗವ್ವ ಮುಂದಿದ್ದ ಮೊರವನ್ನು ಎಡಗೈಯಿಂದ ಸರಿಸಿದಳು.

“ಈಗ ಬರೋರ ಸಂಗಟ ಯಾರ್ ಬರ್ತಾರ?”

“ನಾನಽ.”

“ನೀ ಬರಬ್ಯಾಡಪಾ,” ಎಂದಳು, ಸಿಟ್ಟಿಲ್ಲದೆ. “ಬ್ಯಾರೆ ಯಾರನ್ನರ ಕಳಸು.”