ವಿಮಾನ ಇಳಿಯುವ ತನಕ ಗುಡಿಸಬೇಡ

ಬೆಳಿಗ್ಗೆ ಬಾಲ್ಕನಿಯ ಬಾಗಿಲು ತೆರೆದದ್ದೇ ತಡ, ಮರಳುಗಾಳಿಯ ಒಣ ವಾಸನೆ ಮೂಗಿಗೆ ಅಡರಿತು. ಹಾಲ್ ತುಂಬ ಧೂಳು. ಪೊರಕೆಗೆ ಕೈಹಾಕಿದವಳು ಸರಕ್ಕನೆ ಹಿಂದೆಗೆದೆ. ಮಗಳು ಇನ್ನೂ ಟೊರಾಂಟೊಗೆ ಹೊರಟ ವಿಮಾನದಲ್ಲಿದ್ದಳು... ಎದುರುಮನೆಯ ಆಂಟಿ ನೆನಪಾದರು.

ಕೊಲ್ಲಿನಾಡಿನ ಗುದೈಬಿಯಾದ ಈ ಹಳೆಯ ಕಟ್ಟಡಕ್ಕೆ ನಾನು ಮದುವೆಯಾಗಿ ಬಂದಾಗಲೇ ಅವರಿಲ್ಲಿ ಬೇರುಬಿಟ್ಟಿದ್ದರು. ಉಡುಪಿ ಕಡೆಯವರು. ಮನೆಯಿಂದ ಯಾರೇ ಪ್ರಯಾಣ ಹೊರಡಲಿ, ತಲುಪಿದ ಸುದ್ದಿ ಬರುವ ತನಕ ಕಸ ಗುಡಿಸುತ್ತಿರಲಿಲ್ಲ. ಗುಡಿಸಿದರೆ ಹೋದವರನ್ನೇ ಹೊರಗೆ ಗುಡಿಸಿ ಹಾಕಿದ ಹಾಗೆ ಎಂಬ ಭಯ. ಮಂಗಳೂರಾದರೆ ಕಷ್ಟವಿರಲಿಲ್ಲ, ಉಂಡು ಹೊರಟವರು ಊಟ ಅರಗುವಷ್ಟರಲ್ಲಿ ಇಳಿದಿರುತ್ತಿದ್ದರು. ಫೋನ್ ಬಂದ ಕೂಡಲೇ ಆಂಟಿ ನಮ್ಮ ಬಾಗಿಲು ತಟ್ಟಿ, "ಮುಟ್ಟಿದ್ರು!" ಎಂದು ಸಾರುತ್ತಿದ್ದರು. ದಾವಣಗೆರೆಯ ನನಗೆ ಒಳಗೊಳಗೇ ನಗು.

ಆಂಟಿಯ ಒಬ್ಬನೇ ಮಗ ಓದಲು ಮೆಲ್ಬರ್ನ್‌ಗೆ ಹೊರಟಾಗ ಪಜೀತಿ ಶುರುವಾಯಿತು. ಹನ್ನೆರಡು ಸಾವಿರ ಕಿಲೋಮೀಟರ್ ದೂರ, ನಡುವೆ ವಿಮಾನ ಬದಲಿಸಬೇಕು ಎಂದೆ.

"ಅಷ್ಟು ಹೊತ್ತು ಮೇಲೆಯೇ ಇರ್ತದಾ ಮಾರಾಯ್ತಿ ಅದು?"

ಅವನು ಹೊರಟ ಬೆನ್ನಲ್ಲೇ ಮರಳುಗಾಳಿ ಎದ್ದಿತು. ಕಿಟಕಿಯ ಸಂದಿಯಿಂದ ನುಗ್ಗಿದ ಧೂಳು ಸೋಫಾ, ಟೀಪಾಯಿ, ದೇವರ ಫೋಟೊ ಯಾವುದನ್ನೂ ಬಿಡಲಿಲ್ಲ. ಅಂಕಲ್ ರೇಗಾಡಿದರು, ಆಂಟಿ ಜಗ್ಗಲಿಲ್ಲ. ಮರುದಿನ ಬೆಳಿಗ್ಗೆ ಇಳಿಯಬೇಕಿದ್ದವನ ಸುದ್ದಿಯೇ ಇಲ್ಲ. ಮೊಬೈಲ್ ಸ್ವಿಚ್ ಆಫ್. ಟ್ರಾವೆಲ್ಸಿನವರನ್ನು ಕೇಳಿದರೆ, ಎರಡನೇ ವಿಮಾನ ತಪ್ಪಿರಬಹುದು ಎಂದರಷ್ಟೇ. ಆಂಟಿ ಬಾಗಿಲಿಗೂ ಫೋನಿಗೂ ಓಡಾಡಿ ಓಡಾಡಿ ಧೂಳಿನಲ್ಲಿ ಕಾಲುದಾರಿಯೇ ಮೂಡಿತ್ತು. ನನ್ನ ಕೈ ಹಿಡಿದು, "ಎಲ್ಲಿದ್ದಾನಂತ ಆದ್ರೂ ಗೊತ್ತಾದ್ರೆ ಸಾಕಿತ್ತು" ಎಂದರು. ಅಂದು ನಾನೂ ನಮ್ಮ ಮನೆ ಗುಡಿಸಲಿಲ್ಲ.

ಫೋನ್ ಬಂದದ್ದು ಅದರ ಮಾರನೆಯ ದಿನ. "ಮುಟ್ಟಿದ! ಇನ್ನು ಗುಡಿಸು ಮಾರಾಯ್ತಿ!" ಎಂದು ಕೂಗುತ್ತ ಓಡಿಬಂದರು. ವಿಮಾನ ತಪ್ಪಿತ್ತು, ಅಷ್ಟೇ. ಅಳುತ್ತಲೇ ಮನೆಯೆಲ್ಲ ಗುಡಿಸಿದರು.

ಕೆಲವು ವರ್ಷಗಳ ನಂತರ ಆಂಟಿಯೇ ಹೊರಟರು, ಚಿಕಿತ್ಸೆಗೆಂದು ಮಂಗಳೂರಿಗೆ. ನಾನು ಪೊರಕೆ ಹಿಡಿಯದೆ ಕಾದೆ. ನಗು ಬರಲಿಲ್ಲ. ನಾಲ್ಕೇ ಗಂಟೆಯ ಆ ದಾರಿ ಮುಗಿಯುವಂತೆಯೇ ಇರಲಿಲ್ಲ. ಕೊನೆಗೆ ಅವರದೇ ದನಿ, ತೀರಾ ಸೋತ ದನಿ: "ಮುಟ್ಟಿದೆ. ಇನ್ನು ಗುಡಿಸು." ನಮ್ಮಿಬ್ಬರ ನಡುವೆ ಅದೇ ಕಡೆಯ ಮಾತು. ತಿಂಗಳೊಳಗೆ ಹೋಗಿಬಿಟ್ಟರು...

ಇವತ್ತು ಇಡೀ ದಿನ ಮಗಳ ವಿಮಾನ ನನ್ನ ಮೊಬೈಲಿನ ನಕಾಶೆಯಲ್ಲಿ ಇರುವೆಯ ಹಾಗೆ ಸಮುದ್ರ ದಾಟುತ್ತಿತ್ತು. ಇನ್ನೆಷ್ಟು ದೂರ, ಇನ್ನೆಷ್ಟು ಹೊತ್ತು, ಎಲ್ಲ ಕಾಣುತ್ತಿತ್ತು. ಆದರೂ ಪೊರಕೆ ಮುಟ್ಟಲಿಲ್ಲ.

ಸಂಜೆ ಅವಳ ಮೆಸೇಜ್ ಬಂದದ್ದೇ ಬಾಗಿಲು ತೆರೆದು ಹೊರಗೆ ಓಡಿದೆ. "ಆಂಟಿ, ಮುಟ್ಟಿದ್ಲು" ಎಂಬುದು ತುಟಿಯವರೆಗೂ ಬಂದಿತ್ತು. ಎದುರುಮನೆಯ ಬಾಗಿಲಲ್ಲಿ ಯಾರದೋ ಶೂಗಳಿದ್ದವು.

ಒಳಗೆ ಬಂದು ಪೊರಕೆ ಎತ್ತಿಕೊಂಡೆ. ಗುಡಿಸು ಎನ್ನುವವರಿಲ್ಲದೆ, ಸ್ವಲ್ಪ ಹೊತ್ತು ಸುಮ್ಮನೆ ಹಿಡಿದು ನಿಂತಿದ್ದೆ.