ಮಂಜುಗೋಟೆಯ ಬಿಳಿ ಚೌಕ

ಕುವೆಂಪುನಗರದ ಸಿದ್ದಮಲ್ಲಪ್ಪನವರ ಬಳಿ ಒಂದು ದಪ್ಪ ಬೈಂಡು ಪುಸ್ತಕವಿತ್ತು. ಅದರ ಇನ್ನೂರ ಹದಿನಾಲ್ಕನೇ ಪುಟದಲ್ಲಿ ಅಂಗೈಯಗಲದ ಒಂದು ಖಾಲಿ ಜಾಗವಿತ್ತು. ಹನ್ನೊಂದು ವರ್ಷ, ಪ್ರತಿ ಭಾನುವಾರ ಸಂಜೆ ನಾಲ್ಕರಿಂದ ಆರರವರೆಗೆ, ಹತ್ತು ಹನ್ನೆರಡು ಮಂದಿ ವಿದ್ಯಾವಂತರು ಆ ಖಾಲಿ ಜಾಗದ ಸುತ್ತ ಕುಳಿತು ವಾದ ಮಾಡಿದರು. ಅಷ್ಟು ಹೊತ್ತನ್ನು ಅವರು ಬಡಾವಣೆಯ ಚರಂಡಿಗೆ ಕೊಟ್ಟಿದ್ದರೆ ಮಳೆಗಾಲದಲ್ಲಿ ನಾಲ್ಕು ಕ್ರಾಸಿನ ಜನ ಒಣಗಿದ ಚಪ್ಪಲಿಯಲ್ಲಿ ಓಡಾಡಬಹುದಿತ್ತು.

ಪುಸ್ತಕದ ಹೆಸರು ‘ಮಂಜುಗೋಟೆ’. ಎಂಬತ್ತರ ದಶಕದ ಕೊನೆಯಲ್ಲಿ, ಈಗ ನಿಂತುಹೋಗಿರುವ ಒಂದು ವಾರಪತ್ರಿಕೆಯಲ್ಲಿ ನೂರ ಹತ್ತು ಕಂತುಗಳಾಗಿ ಬಂದ ಧಾರಾವಾಹಿ. ಬರೆದವರು ಒಬ್ಬ ಹೈಸ್ಕೂಲ್ ಮೇಷ್ಟ್ರು. ಮಾತನಾಡುವ ಗಿಡುಗಗಳು, ಮಂಜನ್ನು ನೂಲಿನಂತೆ ನೇಯುವ ಮುದುಕಿಯರು, ಏಳು ಬಾಗಿಲುಗಳ ಕೋಟೆ. ಮೊದಲ ಭಾಗದ ಕೊನೆಗೆ ದಳವಾಯಿ ಭೈರುಂಡ ಏಳನೇ ಬಾಗಿಲನ್ನು ಶತ್ರುಗಳಿಗೆ ತೆರೆಯುತ್ತಾನೆ. ಅದೇ ಬೆಳಿಗ್ಗೆ ಅರಸಿ ಚಿತ್ರಾಂಬೆ ಕಾಣೆಯಾಗುತ್ತಾಳೆ. ದಳವಾಯಿ ಬೀಗದ ಕೈಯನ್ನು ಕೆರೆಗೆ ಎಸೆದು, ಜನರ ಕಡೆ ತಿರುಗಿ, “ಕೇಳಿ” ಎನ್ನುತ್ತಾನೆ. ಅದರ ಕೆಳಗೆ ಬಿಳಿ ಚೌಕ. ಚೌಕದ ಕೆಳಗೆ, ‘ಮೊದಲ ಭಾಗ ಮುಗಿಯಿತು’ ಎಂಬ ಸಾಲು. ಎರಡನೇ ಭಾಗ ಹನ್ನೆರಡು ವರ್ಷಗಳ ನಂತರದ ಕಥೆ. ಅಲ್ಲಿ ದಳವಾಯಿಯ ವಿಷಯಕ್ಕೆ ಒಂದೇ ಸಾಲು ಇದೆ: ‘ಅವನು ಹೇಳಿದ್ದು ಎಲ್ಲರಿಗೂ ಗೊತ್ತಿರುವುದೇ.’

ಗೊತ್ತಿಲ್ಲದವರು ಭಾನುವಾರದ ಈ ಬಳಗದವರು ಮಾತ್ರ.

ಸಿದ್ದಮಲ್ಲಪ್ಪ ಸಂತೇಪೇಟೆಯ ಬೆಲ್ಲದ ವ್ಯಾಪಾರಿಗಳ ಮನೆಯವರು. ಮಠದ ಶಾಲೆಯಲ್ಲಿ ಓದಿದರು. ಅಂಗಡಿ ಅಣ್ಣನಿಗೆ ಹೋಯಿತು, ಇವರು ಗುಮಾಸ್ತರಾದರು. ಇಪ್ಪತ್ತನಾಲ್ಕು ವರ್ಷ ಕಡತ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದರು. ಆ ಇಪ್ಪತ್ತನಾಲ್ಕು ವರ್ಷದಲ್ಲಿ ಯಾರೊಬ್ಬರೂ ಅವರ ಅಭಿಪ್ರಾಯ ಕೇಳಿದ್ದಿಲ್ಲ. ೧೯೯೨ರಲ್ಲಿ ಸ್ವಯಂ ನಿವೃತ್ತಿ ಪಡೆದು ಮನೆಯ ಕಾರ್ ಶೆಡ್ಡಿನಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿ ತೆರೆದರು. ಕಾರು ಯಾವತ್ತೂ ಇರಲಿಲ್ಲ. ಲೈಬ್ರರಿಯಲ್ಲಿ ಅವರಿಗೆ ಒಂದು ಕುರ್ಚಿ, ಒಂದು ಮೇಜು ಮತ್ತು ಕೇಳುವವರು ಸಿಕ್ಕರು. “ಸಿದ್ದಮಲ್ಲಪ್ಪನವರು ಏನಂತಾರೆ?” ಎಂದು ಜನ ಕೇಳತೊಡಗಿದರು. ಐವತ್ತರ ಹತ್ತಿರ ಬಂದ ಮೇಲೆ ಸಿಕ್ಕಿದ ಈ ಒಂದು ಮಾತನ್ನು ಕಳೆದುಕೊಳ್ಳದಿರಲು ಅವರು ಏನು ಬೇಕಾದರೂ ಮಾಡುವವರಿದ್ದರು. ಕೊನೆಗೆ ಮಾಡಿದರು ಕೂಡ.

ಧಾರಾವಾಹಿಗಳ ವಿಷಯದಲ್ಲಿ ಅವರದೊಂದು ಪದ್ಧತಿ. ವಾರವಾರ ಓದುತ್ತಿರಲಿಲ್ಲ. ಪತ್ರಿಕೆ ತರಿಸುವುದು, ಮನೆಯವರೆಲ್ಲ ಓದಿದ ಮೇಲೆ ಕಂತಿನ ಹಾಳೆ ಹರಿದು ಟ್ರಂಕಿನಲ್ಲಿಡುವುದು, ಕಥೆ ಮುಗಿದ ಮೇಲೆ ಬೈಂಡು ಮಾಡಿಸಿ ಒಟ್ಟಿಗೆ ಓದುವುದು. “ತುಂಡು ತುಂಡಾಗಿ ಓದೋರು ಓದುಗರಲ್ಲ ಕಣ್ರೀ, ಚಟದವರು” ಎನ್ನುತ್ತಿದ್ದರು. ಹಾಗಾಗಿ ಮಂಜುಗೋಟೆಯ ಒಂದು ಕಂತನ್ನೂ ಅವರು ಪತ್ರಿಕೆಯಲ್ಲಿ ಓದಿರಲಿಲ್ಲ.

ಬೈಂಡು ಮಾಡುತ್ತಿದ್ದವರು ಸಂತೇಪೇಟೆಯ ಗುರುಸಿದ್ದಯ್ಯ. ಅವರಿಗೂ ಒಂದು ಪದ್ಧತಿ ಇತ್ತು. ಕಂತಿನ ಕೊನೆಯ ತುಣುಕು ಪತ್ರಿಕೆಯ ಹಿಂದಿನ ಪುಟಗಳಲ್ಲಿ ಇರುತ್ತಿತ್ತು. ಅದರ ಬೆನ್ನಿಗೆ ಸೋಪಿನ ಜಾಹೀರಾತೋ, ವಾರಭವಿಷ್ಯವೋ, ಅಡುಗೆಯೋ ಇರುತ್ತಿತ್ತು. ಕಥೆಗೆ ಸಂಬಂಧವಿಲ್ಲದ ಆ ಬೆನ್ನಿನ ಮೇಲೆ ಗುರುಸಿದ್ದಯ್ಯ ಬಿಳಿ ಹಾಳೆ ಅಂಟಿಸಿಬಿಡುತ್ತಿದ್ದರು. ಹಾಳೆಯಲ್ಲಿ ಎಲ್ಲಾದರೂ ಕತ್ತರಿಸಿದ ತೂತು ಇದ್ದರೆ ಅದರೊಳಗಿಂದ ಆ ಬಿಳಿ ಹಾಳೆ ಇಣುಕುತ್ತಿತ್ತು. ಅಚ್ಚುಕಟ್ಟಾದ ಕೆಲಸ. ತೂತು ಏಕಿದೆ ಎಂದು ಕೇಳುವುದು ಅವರ ಕೆಲಸವಲ್ಲ.

ಕೇಳಬೇಕಾಗಿದ್ದ ಸಿದ್ದಮಲ್ಲಪ್ಪನವರು ಇನ್ನೂರ ಹದಿನಾಲ್ಕನೇ ಪುಟ ಕಂಡ ದಿನ ಕಣ್ಣೀರು ಹಾಕಿದರು. ಲೇಖಕರು ಬೇಕೆಂದೇ ಬಿಟ್ಟ ಮೌನ ಅದು ಎಂದು ಅವರಿಗೆ ಅಲ್ಲೇ ಹೊಳೆಯಿತು.

ಬಳಗ ಹುಟ್ಟಿದ್ದು ಹೀಗೆ. ಕಥೆ ಪುಸ್ತಕವಾಗಿ ಬರಲಿಲ್ಲ; ಬಳಗದವರೆಲ್ಲ ಓದಿದ್ದು ಲೈಬ್ರರಿಯ ಈ ಒಂದೇ ಬೈಂಡನ್ನು. ಪತ್ರಿಕೆ ಮುಚ್ಚಿತ್ತು. ಮೇಷ್ಟ್ರು ೧೯೯೧ರಲ್ಲೇ ತೀರಿಕೊಂಡಿದ್ದರು. ಕೇಳಲು ಯಾರೂ ಉಳಿಯದಿದ್ದುದು ಬಳಗದ ಪಾಲಿಗೆ ಭಾಗ್ಯವಾಯಿತು. ಹಳೆಯ ವಾರಪತ್ರಿಕೆಗಳು ಯಾವುದಾದರೂ ದೊಡ್ಡ ಗ್ರಂಥಾಲಯದಲ್ಲಿ ಇರಬಹುದು ಎಂದು ಒಮ್ಮೆ ಯಾರೋ ಅಂದರು. ಸಿದ್ದಮಲ್ಲಪ್ಪ ಅವರನ್ನು ಒಂದು ನಿಮಿಷ ನೋಡಿದರು. ಆಮೇಲೆ ಆ ಮಾತು ಬರಲಿಲ್ಲ.

ಸಿದ್ದಮಲ್ಲಪ್ಪನವರ ಸಿದ್ಧಾಂತ ಇಷ್ಟು: ದಳವಾಯಿ ನಿಷ್ಠಾವಂತ. ಅರಸಿಯ ಗುಟ್ಟಿನ ಆಜ್ಞೆಯಂತೆಯೇ ಬಾಗಿಲು ತೆರೆದ. ಅರಸಿ ಸತ್ತಿಲ್ಲ. ಎರಡನೇ ಭಾಗದಲ್ಲಿ ಬರುವ ಕುರುಡಿ ಹೂವಾಡಗಿತ್ತಿಯೇ ಅವಳು, ಏಕೆಂದರೆ ಇಬ್ಬರೂ ಎಡಗೈಯಲ್ಲಿ ಹೂ ಕಟ್ಟುತ್ತಾರೆ. ಇದಕ್ಕೆ ಎದುರು ನಿಂತವರು ಕನ್ನಡಕದ ಅಂಗಡಿಯ ಶಿವಶಂಕರ್. ದಟ್ಟಗಳ್ಳಿಯಲ್ಲಿ ಹೊಸ ಮನೆ ಕಟ್ಟಿಸಿಕೊಂಡವರು, ಸ್ಕೂಟರಿನಲ್ಲಿ ಬರುತ್ತಿದ್ದರು. ಅವರ ಪ್ರಕಾರ ದಳವಾಯಿ ಹುಟ್ಟಾ ದ್ರೋಹಿ, ಅರಸಿಯನ್ನು ಕೊಂದವನೂ ಅವನೇ. ಸಾಕ್ಷಿಗೆ ಅವರು ಅಂಗಡಿಯ ಸ್ಕೇಲು ತಂದು ಬಿಳಿ ಚೌಕವನ್ನು ಅಳೆದರು. ಹನ್ನೆರಡನೇ ಕಂತಿನಲ್ಲಿ ಹೇಳಿರುವ ಏಳನೇ ಬಾಗಿಲಿನ ಅಗಲ ಎತ್ತರಕ್ಕೂ ಇದಕ್ಕೂ ಲೆಕ್ಕ ಕೂಡುತ್ತಿತ್ತು.

“ಚೌಕ ಅಂದ್ರೆ ಬಾಗ್ಲು ಕಣ್ರೀ! ತೆರ್ದಿರೋ ಬಾಗ್ಲು. ದ್ರೋಹ ಅಲ್ದೆ ಇನ್ನೇನು?” ಎಂದರು ಶಿವಶಂಕರ್.

“ಬಾಗ್ಲು ಅಲ್ಲ ಸ್ವಾಮಿ, ಬಾಯಿ. ಮುಚ್ಚಿರೋ ಬಾಯಿ. ಆಣೆ ಮಾಡ್ದೋನು ಬಾಯಿ ಬಿಡ್ತಾನಾ?” ಎಂದರು ಸಿದ್ದಮಲ್ಲಪ್ಪ.

ಸ್ಕೇಲು ಇಟ್ಟು ಅಳೆದವರ ಬೆರಳಿಗೂ ಕತ್ತರಿಯ ಅಂಚು ತಾಗಲಿಲ್ಲ.

ಈ ಹೊತ್ತಿಗೆ ಸರಿಯಾಗಿ ಗಿರಿಜಾಂಬಾ ಕಾಫಿ ಮತ್ತು ಕೇಕು ತರುತ್ತಿದ್ದರು. ಸಿದ್ದಮಲ್ಲಪ್ಪನವರ ಹೆಂಡತಿ. ಮಂಜುಗೋಟೆಯನ್ನು ಅವರು ಒಂದು ಕಂತೂ ಓದಿರಲಿಲ್ಲ. ಗಿಡುಗ ಮಾತನಾಡುತ್ತದೆ ಎಂದ ಕೂಡಲೇ ಪುಟ ಮಗುಚಿ ಅಡುಗೆಯ ಪುಟಕ್ಕೆ ಹೋಗುವವರು. ಅವರ ಕೇಕಿಗೆ ಮೊಟ್ಟೆ ಇಲ್ಲ, ಓವನ್ನೂ ಬೇಡ. ಕುಕ್ಕರಿನ ತಳಕ್ಕೆ ಮರಳು ಹರಡಿ, ಗ್ಯಾಸ್ಕೆಟ್ ತೆಗೆದು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಹನ್ನೊಂದು ವರ್ಷದಲ್ಲಿ ಆ ಶೆಡ್ಡು ಕಂಡ ಉಪಯುಕ್ತ ವಸ್ತು ಅದೊಂದೇ.

೨೦೦೪ರ ಜನವರಿಯಲ್ಲಿ ಸಿದ್ದಮಲ್ಲಪ್ಪ ತಮ್ಮ ಸಿದ್ಧಾಂತವನ್ನು ಅರವತ್ತನಾಲ್ಕು ಪುಟದ ಕಿರುಹೊತ್ತಿಗೆಯಾಗಿ ಅಚ್ಚು ಹಾಕಿಸಿದರು. ಹೆಸರು ‘ಬಿಳಿ ಚೌಕದ ನಿಷ್ಠೆ’. ಹತ್ತಿರದ ಸಮುದಾಯ ಭವನದಲ್ಲಿ ಭಾನುವಾರ ಬೆಳಿಗ್ಗೆ ಬಿಡುಗಡೆ. ಅಧ್ಯಕ್ಷತೆಗೆ ಶಿವಶಂಕರರನ್ನೇ ಒಪ್ಪಿಸಿದ್ದರು. ಸೋತವನು ಗೆದ್ದವನಿಗೆ ಶಾಲು ಹೊದಿಸುವುದನ್ನು ನೋಡುವ ಆಸೆ.

ಸಮಾರಂಭಕ್ಕೆ ಮೂರು ದಿನ ಮುಂಚೆ, ಗುರುವಾರ ಮಧ್ಯಾಹ್ನ, ಚಂದ್ರಮತಿ ಮನೆಗೆ ಬಂದರು. ಯಾದವಗಿರಿಯ ಕಡೆಯ ಶಾಲಾ ಶಿಕ್ಷಕಿ, ಬಳಗದಲ್ಲಿ ಮಾತು ಕಡಿಮೆ, ಓದು ಜಾಸ್ತಿ. ಹಿಂದಿನ ವಾರ ಗಿರಿಜಾಂಬಾರಿಂದ ಅಡುಗೆಯ ನೋಟ್‌ಬುಕ್ ಇಸಿದುಕೊಂಡು ಹೋಗಿದ್ದರು. ಕೇಕು ಮಾಡುವ ಕ್ರಮವಿದ್ದ ಪತ್ರಿಕೆಯ ತುಣುಕು ಆ ನೋಟ್‌ಬುಕ್ಕಿನ ಹಾಳೆಗೆ ಸ್ಟೇಪ್ಲರ್ ಪಿನ್ನಿನಲ್ಲಿ ತಗಲಿಕೊಂಡಿತ್ತು, ಮೇಲಿನ ಅಂಚಿನಲ್ಲಿ ಮಾತ್ರ. ಚಂದ್ರಮತಿ ಅಳತೆ ಬರೆದುಕೊಂಡು, ಇನ್ನೂ ಏನಾದರೂ ಇದೆಯೇ ಎಂದು ತುಣುಕನ್ನು ಎತ್ತಿ ನೋಡಿದ್ದರು.

“ಸಾರ್, ಇದನ್ನ ಓದಿ” ಎಂದು ನೋಟ್‌ಬುಕ್ ಮುಂದಿಟ್ಟರು.

ಮುಂದೆ: ಒಂದೂಕಾಲು ಲೋಟ ಮೈದಾ, ಅರ್ಧ ಚಮಚ ಸೋಡಾ. ಹಿಂದೆ:

‘ನಾನು ಯಾರ ಕಡೆಯವನೂ ಅಲ್ಲ. ಬಾಗಿಲಾಚೆ ಅಷ್ಟು ಜನರನ್ನು ಕಂಡು ನನಗೆ ಹೆದರಿಕೆಯಾಯಿತು, ತೆರೆದೆ. ಆಜ್ಞೆ ಇರಲಿಲ್ಲ, ಸಂಚೂ ಇರಲಿಲ್ಲ. ಅರಸಿ ಗದ್ದಲಕ್ಕೆ ಎದ್ದು ಬರುವಾಗ ಮೆಟ್ಟಿಲಲ್ಲಿ ಜಾರಿಬಿದ್ದಳು. ಹೆಣವನ್ನು ಕೆರೆಯ ಏರಿಯ ಮೇಲೆ ನಾನೇ ಮಣ್ಣು ಮಾಡಿದೆ. ಇನ್ನು ನನ್ನನ್ನು ಏನೂ ಕೇಳಬೇಡಿ.’

ಸಿದ್ದಮಲ್ಲಪ್ಪ ಎರಡು ಸಲ ಓದಿದರು. ಕನ್ನಡಕ ಒರೆಸಿ ಮೂರನೇ ಸಲ ಓದಿದರು.

“ಗಿರಿಜಾ, ಇದೆಲ್ಲಿಂದು?”

“ಅದಾ? ಪತ್ರಿಕೇಲಿ ಬಂದಿತ್ತಲ್ರೀ, ಕತ್ತರಿಸ್ಕೊಂಡೆ. ಯಾವ್ದೋ ಹಳೇದು.”

“ನಂಗೆ ಹೇಳ್ಬಾರ್ದಾ?”

“ಕೇಕಿಗೆ ನಿಮ್ಮನ್ನ ಏನು ಕೇಳೋದು?”

ಚಂದ್ರಮತಿ ನಗಲಿಲ್ಲ. “ಸಾರ್, ಭಾನುವಾರ ನೀವೇ ಇದನ್ನ ಓದ್ಬುಡಿ. ಹನ್ನೊಂದು ವರ್ಷ ಹುಡುಕಿದ್ದು ಸಿಕ್ತು ಅಂತ ಹೇಳಿ. ಅದಕ್ಕಿಂತ ಸಂತೋಷ ಇನ್ನೇನಿದೆ?”

“ನೋಡೋಣಮ್ಮ” ಎಂದರು ಸಿದ್ದಮಲ್ಲಪ್ಪ. ಗುಮಾಸ್ತಿಕೆಯಲ್ಲಿ ಅವರು ಕಲಿತಿದ್ದ ಪದ ಅದು. ಕಡತ ಕೆಳಗೆ ಹೋಗುವಾಗ ಹೇಳುವಂಥದ್ದು.

ಭಾನುವಾರ ಭವನದಲ್ಲಿ ಮೂವತ್ತು ಜನ ಇದ್ದರು. ಶಾಲು ಹೊದಿಸಿದ್ದಾಯಿತು. ಲೇಖಕರ ಮೌನದ ಬಗ್ಗೆ ಸಿದ್ದಮಲ್ಲಪ್ಪ ನಲವತ್ತು ನಿಮಿಷ ಮಾತನಾಡಿದರು. ತುಣುಕಿನ ಮಾತು ಬರಲಿಲ್ಲ. ಅವರು ಕುಳಿತ ಮೇಲೆ ಚಂದ್ರಮತಿ ಎದ್ದರು. ಅವರ ಕೈಯಲ್ಲಿ ತಾವೇ ಬರೆದುಕೊಂಡ ನಕಲು ಇತ್ತು. ತರಗತಿಯಲ್ಲಿ ಪಾಠ ಓದುವಂತೆ, ನಿಧಾನವಾಗಿ, ದಳವಾಯಿಯ ಮಾತನ್ನು ಪೂರ್ತಿ ಓದಿದರು. ಎಲ್ಲಿ ಸಿಕ್ಕಿತು ಎಂಬುದನ್ನೂ ಹೇಳಿದರು.

ಮೊದಲು ಸಿಡಿದವರು ಶಿವಶಂಕರ್. “ಹೆದ್ರಿಕೆ ಆಯ್ತಂತೆ! ದಳವಾಯಿಗೆ! ಅರಸಿ ಜಾರ್ಬಿದ್ದು ಸತ್ಳಂತೆ! ಏನ್ರೀ ಇದು, ಬಚ್ಚಲು ಮನೆ ಸಾವಾ?”

ಸಭೆ ನಕ್ಕಿತು.

“ಬರ್ದೋರು ಹಂಗೇ ಬರ್ದಿದ್ದಾರೆ ಸಾರ್. ನಾನೇನ್ ಮಾಡ್ಲಿ?” ಎಂದರು ಚಂದ್ರಮತಿ.

“ಇದು ನಕಲು. ಮೂಲ ಎಲ್ಲಿದೆ ತಾಯಿ?” ಎಂದರು ಶಿವಶಂಕರ್.

“ಸಿದ್ದಮಲ್ಲಪ್ಪ ಸಾರ್ ಮನೇಲಿದೆ. ಕೇಳಿ.”

ಎಲ್ಲರೂ ವೇದಿಕೆಯ ಕಡೆ ತಿರುಗಿದರು. ಹನ್ನೊಂದು ವರ್ಷ ಎದುರಾಳಿಯಾಗಿದ್ದ ಶಿವಶಂಕರ್ ಕೂಡ, ಉಳಿಸಿ ಎಂಬಂತೆ ನೋಡುತ್ತಿದ್ದರು. ತುಣುಕು ನಿಜವಾದರೆ ಇಬ್ಬರ ಸಿದ್ಧಾಂತಕ್ಕೂ ಒಂದೇ ದಿನ ತಿಥಿ. ಸಿದ್ದಮಲ್ಲಪ್ಪ ಹೆಗಲ ಮೇಲಿನ ಶಾಲನ್ನು ಸರಿಮಾಡಿಕೊಂಡರು.

“ನಮ್ಮನೇಲಿ ಅಡುಗೆ ಪುಸ್ತಕ ಇದೆ. ಅದರಲ್ಲಿ ಕೇಕು ಮಾಡೋ ಕ್ರಮ ಇದೆ. ನನಗೆ ಗೊತ್ತಿರೋದು ಅಷ್ಟೇ” ಎಂದರು.

ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ ಎಂದು ಅವರು ಆಮೇಲೆ ಹಲವರಿಗೆ ಹೇಳಿದ್ದುಂಟು. ಕೊನೆಯ ಮಾತು ಸುಳ್ಳು.

ಚಂದ್ರಮತಿ ಹಿಂದಿನ ಸಾಲಿಗೆ ತಿರುಗಿದರು. ಗಿರಿಜಾಂಬಾ ಸ್ಟೀಲ್ ಡಬ್ಬಿಯಿಂದ ಕೇಕಿನ ತುಂಡುಗಳನ್ನು ಪೇಪರ್ ತಟ್ಟೆಗೆ ಹಾಕುತ್ತಿದ್ದರು. “ಅಕ್ಕ, ನೀವಾದ್ರೂ ಹೇಳಿ.”

“ನಾನೇ ಕಣಮ್ಮ ಕತ್ತರಿಸಿದ್ದು” ಎಂದರು ಗಿರಿಜಾಂಬಾ, ಕೈ ನಿಲ್ಲಿಸದೆ. “ಹಿಂದ್ಗಡೆ ಏನಿತ್ತೋ ನಾನು ನೋಡಿಲ್ಲ. ನಂಗೆ ಕೇಕು ಬೇಕಿತ್ತು.”

ಈ ಸಲ ಸಭೆ ಇನ್ನೂ ಜೋರಾಗಿ ನಕ್ಕಿತು. ಆ ಬೆಳಿಗ್ಗೆ ಆ ಭವನದಲ್ಲಿ ಆಡಿದ ಅತ್ಯಂತ ನೇರವಾದ ಮಾತನ್ನು ತಮಾಷೆ ಎಂದು ತೆಗೆದುಕೊಂಡು ಮೂವತ್ತು ಜನ ತಟ್ಟೆಗೆ ಕೈ ಚಾಚಿದರು. ಚಂದ್ರಮತಿ ನಕಲನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು ಹೊರಟರು. ಕೇಕು ತೆಗೆದುಕೊಳ್ಳಲಿಲ್ಲ. ಮತ್ತೆ ಬಳಗಕ್ಕೆ ಬರಲೂ ಇಲ್ಲ. ಮೂಲ ತೋರಿಸದೆ ಓಡಿಹೋದರು ಎಂದು ಮುಂದಿನ ಭಾನುವಾರ ಶಿವಶಂಕರ್ ವಿಶ್ಲೇಷಿಸಿದರು. ಚಂದ್ರಮತಿ ಯಾರ ಕಡೆಯವರಿದ್ದಿರಬಹುದು ಎಂಬ ಬಗ್ಗೆಯೂ ಒಂದು ಸಿದ್ಧಾಂತ ಹುಟ್ಟಿತು.

ಸೋಮವಾರ ಬೆಳಿಗ್ಗೆ ಲೈಬ್ರರಿ ತೆರೆಯುವ ಮೊದಲು ಸಿದ್ದಮಲ್ಲಪ್ಪ ಶೆಡ್ಡಿನ ಬಾಗಿಲು ಹಾಕಿಕೊಂಡರು. ಬೈಂಡು ಪುಸ್ತಕದ ಇನ್ನೂರ ಹದಿನಾಲ್ಕನೇ ಪುಟ ತೆರೆದರು. ಅಡುಗೆ ನೋಟ್‌ಬುಕ್ಕಿನಿಂದ ಪಿನ್ನು ಬಿಡಿಸಿ ತುಣುಕನ್ನು ಬಿಳಿ ಚೌಕದಲ್ಲಿಟ್ಟರು. ಸರಿಯಾಗಿ ಕೂತಿತು. ಕೆಳಗಿನ ಬಲ ಮೂಲೆಯಲ್ಲಿ ಕತ್ತರಿ ಸ್ವಲ್ಪ ಜಾರಿ ಆಗಿದ್ದ ಕಚ್ಚು ಕೂಡ ಪುಟದ ಕಚ್ಚಿಗೆ ಹೊಂದಿತು. “ಕೇಳಿ” ಎಂದ ದಳವಾಯಿ ಮೊದಲ ಸಲ ಮಾತು ಮುಗಿಸಿದ. ಸಿದ್ದಮಲ್ಲಪ್ಪ ಬೆರಳಿನಿಂದ ಅಂಚು ಸವರಿದರು. ಹನ್ನೊಂದು ವರ್ಷದಲ್ಲಿ ಯಾವ ದಿನ ಸವರಿದ್ದರೂ ತಿಳಿಯುತ್ತಿತ್ತು.

ಅಷ್ಟರಲ್ಲಿ ಹೊರಗೆ ಯಾರೋ ಬಾಗಿಲು ತಟ್ಟಿದರು. “ಸಿದ್ದಮಲ್ಲಪ್ಪ ಸಾರ್, ಇದ್ದೀರಾ? ನಿಮ್ಮ ಹೊಸ ಪುಸ್ತಕ ಬೇಕಿತ್ತು.”

“ಬಂದೆ, ಬಂದೆ” ಎಂದರು.

ಮೇಜಿನ ಮೇಲೆ ಗೋಂದಿನ ಬಾಟಲಿ ಇತ್ತು, ಹರಿದ ಪುಸ್ತಕಗಳಿಗೆಂದು ಇಟ್ಟದ್ದು. ಅವರು ತುಣುಕನ್ನು ಚೌಕದಿಂದ ಎತ್ತಿ, ದಳವಾಯಿಯ ಮಾತಿನ ಮೇಲೆ ಅಂಚಿನಿಂದ ಅಂಚಿಗೆ ಗೋಂದು ಬಳಿದರು. ನೋಟ್‌ಬುಕ್ಕಿನ ಹಾಳೆಗೆ, ಕೇಕು ಮೇಲಾಗಿ, ಒತ್ತಿ ಅಂಟಿಸಿದರು. ಅದರ ಮೇಲೆ ಒಂದು ದಪ್ಪ ನಿಘಂಟು ಹೇರಿ, ಹೋಗಿ ಬಾಗಿಲು ತೆಗೆದರು.

ಮುಂದಿನ ಶನಿವಾರ ಮೈದಾ ಜರಡಿ ಹಿಡಿಯುತ್ತ ನೋಟ್‌ಬುಕ್ ತೆರೆದ ಗಿರಿಜಾಂಬಾ ತುಣುಕನ್ನು ಉಗುರಿನಿಂದ ಒಮ್ಮೆ ಎಬ್ಬಿಸಿ ನೋಡಿದರು. ಏಳಲಿಲ್ಲ.

“ಅಂಟಿಸ್ಬುಟ್ರಾ?” ಎಂದು ಕೂಗಿ ಕೇಳಿದರು. “ಒಳ್ಳೇದಾಯ್ತು ಬುಡಿ. ಪಿನ್ನು ತುಕ್ಕು ಹಿಡೀತಿತ್ತು.”

ಶೆಡ್ಡಿನಲ್ಲಿ ಯಾರೋ ಬಿಳಿ ಚೌಕದ ಬಗ್ಗೆ ಸಿದ್ದಮಲ್ಲಪ್ಪನವರು ಏನಂತಾರೆ ಎಂದು ಕೇಳುತ್ತಿದ್ದರು.