ಗಂಟು ಮುಂದೆ, ನಾವು ಹಿಂದೆ

ವಿದೇಶಕ್ಕೆ ಕಾರಿನಲ್ಲಿ ಹೋಗುವ ವಿಷಯದಲ್ಲಿ ನಾನು ದೊಡ್ಡ ಪಂಡಿತೆ. ಯಾರೂ ಕಲಿಸಿದ್ದಲ್ಲ, ಮೊಬೈಲಿನಲ್ಲಿ ವೀಡಿಯೊ ನೋಡಿ ನೋಡಿ ಕಲಿತದ್ದು. ನ್ಯಾಮತಿ ಬಿಟ್ಟು ನಾನು ಅತಿ ದೂರ ಕಾರು ಓಡಿಸಿದ್ದು ಚನ್ನಗಿರಿವರೆಗೆ, ಅದೂ ಅಪ್ಪ ಕಚೇರಿಗೆ ಹೋಗುವ ಬಸ್ಸು ತಪ್ಪಿಸಿಕೊಂಡ ದಿನ. ಆದರೆ ನೇಪಾಳದ ಗಡಿಯಲ್ಲಿ ಗಾಡಿಗೆ ಪರ್ಮಿಟ್ ಎಲ್ಲಿ ಮಾಡಿಸಬೇಕು, ಯಾವ ಊರಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳಬೇಕು, ಎಲ್ಲಿಂದ ಮುಂದೆ ನಮ್ಮ ಸಿಮ್ ಕೆಲಸ ಮಾಡುವುದಿಲ್ಲ, ಎಲ್ಲವೂ ಬಾಯಿಪಾಠ. ದಿನಾ ಊಟದ ಹೊತ್ತಿಗೆ ಮನೆಯವರಿಗೆ ಪಾಠ ಮಾಡುತ್ತಿದ್ದೆ.

"ಅಲ್ಲಿ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ ಐತೆ ಅಜ್ಜಿ. ಗಡಿ ದಾಟಿದ ಕೂಡ್ಲೆ ಮುಳ್ಳು ತಿರುಗಿಸ್ಕೋಬೇಕು."

"ಕಾಲು ಗಂಟೆ ತಗಂಡು ಏನು ಮಾಡ್ತಾರಂತೆ?" ಎಂದಳು ಅಜ್ಜಿ. ಅದನ್ನು ವೀಡಿಯೊದವನು ಹೇಳಿರಲಿಲ್ಲ.

ಹೋಗಬೇಕಾಗಿದ್ದು ಲುಂಬಿನಿಗೆ. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡಾಗ ನಾನಿನ್ನೂ ಅಂಗನವಾಡಿಯಲ್ಲಿದ್ದೆ. ಅಂದಿನಿಂದ ಮನೆಯಲ್ಲಿ ಪಂಚಾಂಗ ಇಲ್ಲ, ನಿಂಬೆಹಣ್ಣು ಬರೀ ಚಿತ್ರಾನ್ನಕ್ಕೆ. ಆದರೆ ಲುಂಬಿನಿಯ ಆಸೆ ಅಪ್ಪನಿಗಿಂತ ಅಜ್ಜಿಗೇ ಹೆಚ್ಚು. ಅವಳು ಒಂದು ಕಾಲದಲ್ಲಿ ಕೇರಿಯ ಮುಕ್ಕಾಲು ಮಕ್ಕಳ ಹೆರಿಗೆ ಮಾಡಿಸಿದವಳು. ಬುದ್ಧನ ತಾಯಿ ಮರದ ಕೊಂಬೆ ಹಿಡಿದು ನಿಂತುಕೊಂಡೇ ಹೆತ್ತಳು ಅಂತ ಅಪ್ಪ ಯಾವತ್ತೋ ಹೇಳಿದ್ದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು.

"ನಿಂತೇ ಹಡದ್ಲಂತೆ. ಕೂಸು ಕೆಳಗೆ ಬೀಳದಂಗೆ ಯಾರು ಹಿಡ್ಕಂಡಿದ್ರೋ! ಆ ಜಾಗ ಒಂದು ಸಲ ನೋಡಬೇಕು ಕಣೆ. ಕಣ್ಣು ಕಾಣೋದ್ರೊಳಗೆ."

ಒಂದು ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಹಾಗಾಗಿ ಮುಂದಿನ ವರ್ಷ ನೋಡೋಣ ಅನ್ನುವ ಹಾಗಿರಲಿಲ್ಲ. ಅಪ್ಪನಿಗೆ ರಜೆ ಸಿಕ್ಕಿದ್ದು ಮಂಗಳವಾರದಿಂದ. ಲೆಕ್ಕ ಎಷ್ಟು ಬಿಗಿ ಎಂದರೆ ಒಂದು ದಿನ ತಡವಾದರೂ ಗಡಿ ಮುಟ್ಟಿ ಹಾಗೇ ವಾಪಸ್ಸು ತಿರುಗಬೇಕಿತ್ತು.

"ಮಂಗಳವಾರ ನಾನು ಹೊಸ್ತಿಲು ದಾಟಲ್ಲ" ಎಂದಳು ಅಜ್ಜಿ.

"ಬುದ್ಧನ ಊರಿಗೆ ಹೋಗಾಕೆ ವಾರ ನೋಡ್ತಿಯೇನವ್ವ? ಅವನು ಮನೆ ಬಿಟ್ಟಾಗ ಪಂಚಾಂಗ ನೋಡಿದ್ನಾ?"

"ಅವನು ಹೆಂಡ್ತಿಗೂ ಹೇಳ್ದೆ ಹೋದ. ನಂಗೆ ಹಂಗೆ ಹೋಗಾಕೆ ಬರಲ್ಲ."

ಎರಡು ದಿನ ತಾಯಿ ಮಗ ಮಾತು ಬಿಟ್ಟರು. ಕಾರು ಹತ್ತಿದರೆ ವಾಂತಿ ಅಂತ ಮೊದಲೇ ಪ್ರವಾಸದಿಂದ ತಪ್ಪಿಸಿಕೊಂಡಿದ್ದ ನನ್ನ ಅವ್ವ ಕಿವಿಯಲ್ಲಿ ಹೇಳಿದಳು: "ಪರಸ್ಥಾನ ಇಟ್ಟು ಬಾ ಹೋಗು."

ಹೊರಡುವ ದಿನ ಒಳ್ಳೆಯದಲ್ಲದಿದ್ದರೆ, ಅದಕ್ಕೂ ಮುಂಚಿನ ಒಳ್ಳೆಯ ದಿನ ನಮ್ಮದೊಂದು ಗಂಟನ್ನು ಬೇರೆಯವರ ಮನೆಯಲ್ಲಿಟ್ಟು ಬರುವುದೇ ಪರಸ್ಥಾನ. ಗಂಟು ಹೊಸ್ತಿಲು ದಾಟಿದರೆ ನಾವು ದಾಟಿದ ಹಾಗೇ. ಮರುದಿನ ಹೋಗುವ ದಾರಿಯಲ್ಲಿ ಎತ್ತಿಕೊಂಡರೆ ಆಯಿತು. ಹೊನ್ನಾಳಿಯಲ್ಲಿ ಸೋದರತ್ತೆಯ ಮನೆ ದಾರಿಯಲ್ಲೇ ಇತ್ತು. ಸೋಮವಾರ ಬೆಳಿಗ್ಗೆ ಅಪ್ಪ ಕಚೇರಿಗೆ ಹೋದ ಮೇಲೆ ಅಜ್ಜಿಯ ಗಂಟನ್ನು ಸ್ಕೂಟಿಯಲ್ಲಿಟ್ಟುಕೊಂಡು ಹೋಗಿ ಕೊಟ್ಟು ಬಂದೆ. ಅತ್ತೆಗೆ ಒಂದೇ ಷರತ್ತು: ಅಪ್ಪನಿಗೆ ಗೊತ್ತಾಗಬಾರದು.

ಮಂಗಳವಾರ ಬೆಳಿಗ್ಗೆ ಅಜ್ಜಿ ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕೂತಿದ್ದಳು. ಅಪ್ಪನಿಗೆ ಆನಂದವೋ ಆನಂದ. "ನೋಡ್ದ್ಯಾ? ಬಿಡಿಸಿ ಹೇಳಿದ್ರೆ ಯಾರಿಗಾದ್ರೂ ಅರ್ಥ ಆಗತೈತೆ" ಎಂದು ವೈಚಾರಿಕತೆಯ ಬಗ್ಗೆ ಹೊನ್ನಾಳಿ ಬರುವವರೆಗೂ ಮಾತಾಡಿದ.

ಅತ್ತೆಗೆ ಹೋಗಿಬರುತ್ತೇವೆಂದು ಹೇಳುವ ನೆಪದಲ್ಲಿ ಅವಳ ಮನೆ ಮುಂದೆ ನಿಲ್ಲಿಸಿದೆವು. ಬಾಗಿಲಿಗೆ ಬೀಗ.

"ಇಲ್ಲಾಂದ್ರೆ ಬಿಡು, ಹೋಗೋಣ" ಎಂದ ಅಪ್ಪ.

"ನನ್ನ ಗಂಟು!" ಎಂದಳು ಅಜ್ಜಿ.

"ಯಾವ ಗಂಟು?"

ನಾನು ಹೇಳಲೇಬೇಕಾಯಿತು. ಅಪ್ಪ ಕೇಳಿಸಿಕೊಂಡ, ಸ್ಟೇರಿಂಗಿಗೆ ಹಣೆ ಹಚ್ಚಿದ. "ಸೀರೆ ತಾನೆ? ದಾವಣಗೆರೆಯಾಗೆ ಹೊಸದು ಕೊಡಿಸ್ತೀನಿ. ನಡೀರಿ."

"ಅದರಾಗೆ ಓಟರ್ ಕಾರ್ಡು ಐತೆ" ಎಂದಳು ಅಜ್ಜಿ ಮೆಲ್ಲಗೆ.

"ಅದನ್ಯಾಕೆ ಇಟ್ಟೆ ಅಜ್ಜಿ?" ನಾನು ಕಿರುಚಿದೆ.

"ಸುಮ್ನೆ ಹಳೆ ಬಟ್ಟೆ ಇಟ್ರೆ ಪರಸ್ಥಾನ ಆಗಲ್ಲ. ಪಯಣಕ್ಕೆ ಬೇಕೇ ಬೇಕಾದ್ದು ಇಡಬೇಕು. ನೀನೇ ತಾನೆ ದಿನಾ ಉಣ್ಣಾಕೆ ಬಿಡದಂಗೆ ಹೇಳ್ತಿದ್ದಿ, ಅದಿಲ್ದಿದ್ರೆ ಗಡಿ ದಾಟಾಕೆ ಬಿಡಲ್ಲ ಅಂತ?"

ನನ್ನ ಪಾಠವನ್ನು ಶ್ರದ್ಧೆಯಿಂದ ಕೇಳಿದ್ದು ಇಡೀ ಮನೆಯಲ್ಲಿ ಅಜ್ಜಿ ಒಬ್ಬಳೇ.

ಅತ್ತೆಗೆ ಫೋನು ಮಾಡಿದೆ. ಅವಳು ಜಗಳೂರಿನ ಆಸ್ಪತ್ರೆಯಲ್ಲಿದ್ದಳು. ಅಲ್ಲೇ ಹತ್ತಿರದ ಸೊಕ್ಕೆಯಲ್ಲಿರುವ ನಾದಿನಿಯ ಮಗಳಿಗೆ ದಿನ ತುಂಬುವ ಮುಂಚೆಯೇ ಹೆರಿಗೆ ನೋವು ಬಂದು, ಸೋಮವಾರ ಮಧ್ಯಾಹ್ನ ಮನೆಯವರೆಲ್ಲ ಓಡಿದ್ದರು.

"ಪರಸ್ಥಾನದ ಗಂಟು ಖಾಲಿ ಮನೇಲಿ ಬಿಡಬಾರದಲ್ಲೇ, ಅದಕ್ಕೇ ನನ್ನ ಜೊತೆ ತಂದೀನಿ. ನಿನಗೆ ಎಷ್ಟು ಸಲ ಫೋನು ಮಾಡ್ಲಿ? ಹತ್ತಲೇ ಇಲ್ಲ. ಅಣ್ಣನ ಫೋನಿಗೆ ಮಾಡಿದೆ, ಏನು ಹೇಳ್ಬೇಕೋ ತಿಳೀಲಿಲ್ಲ. ಉಂಡ್ಯಾ ಅಂತ ಕೇಳಿ ಇಟ್ಟೆ."

ನನ್ನ ಫೋನು ಹೇಗೆ ಹತ್ತೀತು? ವಿದೇಶದಲ್ಲಿ ನೆಟ್‌ವರ್ಕ್ ಇಲ್ಲದೆ ಬದುಕುವ ಅಭ್ಯಾಸವಾಗಲಿ ಎಂದು ಸೋಮವಾರ ಹೊನ್ನಾಳಿಯಿಂದ ಬಂದ ಮೇಲೆ ರಾತ್ರಿವರೆಗೂ ಅದನ್ನು ಏರೋಪ್ಲೇನ್ ಮೋಡಿಗೆ ಹಾಕಿ, ನ್ಯಾಮತಿಯ ಬೀದಿಗಳಲ್ಲಿ ಆಫ್‌ಲೈನ್ ನಕ್ಷೆ ನೋಡಿಕೊಂಡು ತಿರುಗಾಡಿದ್ದೆ. ದಾರಿ ತಪ್ಪಿರಲಿಲ್ಲ.

ಜಗಳೂರಿನ ಮೇಲೆಯೂ ಉತ್ತರಕ್ಕೆ ಹೋಗಬಹುದು ಅನ್ನುವುದೊಂದೇ ಸಮಾಧಾನ. ಆಸ್ಪತ್ರೆ ಮುಟ್ಟಿದರೆ, ನೋಡಲು ಬಂದವರನ್ನು ಮಧ್ಯಾಹ್ನದ ಮೇಲೆಯೇ ಒಳಗೆ ಬಿಡುವುದೆಂದರು. ಅತ್ತೆ ಬಾಣಂತಿಯನ್ನು ಬಿಟ್ಟು ಹೊರಗೆ ಬರುವ ಹಾಗಿರಲಿಲ್ಲ. ಅಪ್ಪ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ, ಬುದ್ಧನ ಸಹನೆಯನ್ನೆಲ್ಲ ನೆನಪಿಸಿಕೊಂಡು ಕೂತ. ಇವತ್ತೇ ಬಳ್ಳಾರಿ ದಾಟದಿದ್ದರೆ ಅಜ್ಜಿಗೆ ಲುಂಬಿನಿ ಇಲ್ಲ, ಅದು ಮೂವರಿಗೂ ಗೊತ್ತಿತ್ತು.

ಕೊನೆಗೆ ಒಳಗೆ ಬಿಟ್ಟರು. ಅತ್ತೆ ಕುಪ್ಪಸದೊಳಗಿಂದ ಕಾರ್ಡು ತೆಗೆದುಕೊಟ್ಟಳು. "ಸೀರೆ ಮಾತ್ರ ಇಲ್ಲ ಕಣವ್ವ" ಎಂದು ಮಗುವಿನ ಕಡೆ ತೋರಿಸಿದಳು. ಅವಸರದಲ್ಲಿ ಯಾರೂ ಮೆತ್ತನೆ ಬಟ್ಟೆ ತಂದಿರಲಿಲ್ಲವಂತೆ. ಅಜ್ಜಿಯ ಹಳೇ ನೂಲಿನ ಸೀರೆಯಲ್ಲಿ ಹೆಣ್ಣುಕೂಸೊಂದು ಮುಷ್ಟಿ ಬಿಗಿದುಕೊಂಡು ಮಲಗಿತ್ತು.

ಅಜ್ಜಿ ಒಳ್ಳೆಯ ಕಣ್ಣನ್ನು ಹತ್ತಿರ ತಂದು ಅದನ್ನು ನೋಡಿದಳು. ಬಾಣಂತಿಯನ್ನು ಕೇಳಿದಳು: "ಮಲಗೇ ಹಡದ್ಯಾ?"

"ಹ್ಞೂ ಅಜ್ಜಿ."

"ನಿಂತು ಹಡದೋಳ ಜಾಗ ನೋಡಾಕೆ ಹೊಂಟೀನಿ. ಬಂದು ಹೇಳ್ತೀನಿ, ಹೆಂಗೆ ಅಂತ."

ಹೊರಗೆ ಬಂದಾಗ ಮೂರು ಗಂಟೆ. ಅಜ್ಜಿ ಕಾರು ಹತ್ತಿದಳು, ನಾನೂ ಹತ್ತಿದೆ. ಬೆಳಿಗ್ಗೆಯಿಂದ ತಡವಾಯ್ತು ತಡವಾಯ್ತು ಎಂದು ಕುದಿಯುತ್ತಿದ್ದ ಅಪ್ಪ ಮಾತ್ರ ಹತ್ತಲಿಲ್ಲ. ಟೈರುಗಳನ್ನು ಒಂದೊಂದಾಗಿ ಒದ್ದು ನೋಡಿದ. ಗಾಜು ಒರೆಸಿದ.

"ಹೋಗೋಣ ಬಾ ಅಪ್ಪಾ."

"ಎಂಜಿನ್ ಬಿಸಿ ಐತೆ, ಆರ್ಲಿ." ಕಾರು ನೆರಳಲ್ಲಿ ನಿಂತು ಮೂರು ತಾಸಾಗಿತ್ತು. ಅಪ್ಪ ಎದುರಿನ ಅಂಗಡಿಯಲ್ಲಿ ಚಾ ಕುಡಿದ. ಮತ್ತೊಂದು ಹೇಳಿದ. ಆಗಾಗ ಅಂಗಿಯ ತೋಳು ಸರಿಪಡಿಸುವ ನೆಪದಲ್ಲಿ ಕೈಗಡಿಯಾರ ನೋಡುತ್ತಿದ್ದ.

ಆಗ ಹೊಳೆಯಿತು. ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ. ಪಂಚಾಂಗ ಮನೆಯಿಂದ ಹೋಗಿತ್ತು, ಅಪ್ಪನ ಬಾಯಿಪಾಠ ಹೋಗಿರಲಿಲ್ಲ. ಅಜ್ಜಿಗೆ ನನಗಿಂತ ಮೊದಲೇ ಗೊತ್ತಾಗಿತ್ತು ಅಂತ ಕಾಣುತ್ತದೆ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕಿಟಕಿಯ ಆಚೆ ನೋಡುತ್ತಿದ್ದಳು. ಅಪ್ಪ ಮೂರನೆಯ ಚಾ ಹಿಡಿದಾಗ ಹೊತ್ತು ಇಳಿಯತೊಡಗಿತ್ತು. ನನಗೆ ತಡೆಯಲಾಗಲಿಲ್ಲ. ಕಾರಿನಿಂದಲೇ ಕೂಗಿದೆ.

"ಅಪ್ಪಾ, ನೇಪಾಳದಾಗೆ ಈಗ ನಾಲ್ಕೂವರೆ ಆತು!"

ಅಪ್ಪ ಗಡಿಯಾರ ನೋಡಿದ. ನಾಲ್ಕೂಕಾಲು.

"ಅದಕ್ಕೂ ನನಗೂ ಏನು ಸಂಬಂಧ?" ಎಂದು ಗದರಿಸಿ, ಚಾ ಅರ್ಧಕ್ಕೇ ಇಟ್ಟು, ಬಂದು ಕೂತು ಕಾರು ಚಾಲೂ ಮಾಡಿದ.

ಜಗಳೂರು ಹಿಂದಾದ ಮೇಲೆ ಅಜ್ಜಿ ನನ್ನ ತೊಡೆ ಚಿವುಟಿದಳು. "ಆ ಕಾಲು ಗಂಟೆ ಯಾತಕ್ಕೆ ಅಂತ ಕೇಳಿದ್ನಲ್ಲ" ಎಂದಳು. "ಉಪಯೋಗಕ್ಕೆ ಬರತೈತೆ ಬಿಡು."